ಗುಡ್ಡದ ಹಾದಿಯನ್ನು ತಿಂದವರಾರು?

ಬಯಲುಸೀಮೆಯವನೊಬ್ಬನು ಘಟ್ಟದ ಹಾದಿಗಳ ಚರಿತ್ರೆಯನ್ನು ಹೇಳಹೊರಟರೆ ಓದುಗರು ನಕ್ಕಾರು. ನಮ್ಮ ಇಜೇರಿಯ ಸುತ್ತ ಗುಡ್ಡವೆಂಬುದಿಲ್ಲ. ಜೇವರ್ಗಿ ಸೀಮೆಯೆಂದರೆ ಎರೆಹೊಲ, ನಡುನಡುವೆ ಒಂದಿಷ್ಟು ಮಡ್ಡಿ. ಆದರೆ ಹಾದಿ ಕೆಡುವ ಬಗೆಯನ್ನು ಅರಿಯಲು ಗುಡ್ಡವೇ ಬೇಕೆಂದೇನೂ ಇಲ್ಲ. ಮಳೆಯಲ್ಲಿ ಎರೆಮಣ್ಣು ಸೈಕಲ್ಲಿನ ಗಾಲಿಗೂ ಮಡ್ಗಾರ್ಡಿಗೂ ನಡುವೆ ಹೊಕ್ಕು ಕುಳಿತಿತೆಂದರೆ, ಸೈಕಲ್ಲು ಸವಾರನನ್ನು ಹೊರುವುದು ಹೋಗಿ ಸವಾರನೇ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಬೇಸಗೆಯಲ್ಲಿ ಬಂಡಿಯ ಗಾಲಿ ಕೊರೆದ ಜೋಡಿ ಜಾಡುಗಳು ಮಳೆಗಾಲಕ್ಕೆ ಜೋಡಿ ಕಾಲುವೆಗಳಾಗುತ್ತವೆ. ನಾಲ್ಕು ವರ್ಷ ಯಾರೂ ಗರಸು ಹಾಕದೆ ಬಿಟ್ಟರೆ ಅವೆರಡೂ ಕೂಡಿ ಒಂದು ಕೊರಕಲಾಗುತ್ತದೆ. ಜಾಡನ್ನು ತೋರಿಸಿದ್ದು ಗಾಲಿಯೇ ಹೌದು. ಮಣ್ಣನ್ನು ಹೊತ್ತೊಯ್ದದ್ದು ಮಾತ್ರ ನೀರು.

ಈ ಭೇದವನ್ನು ಮರೆತೇ ಇಂದು ಗುಡ್ಡಗಳ ವಿಷಯದಲ್ಲಿ ಒಂದು ಜಗಳ ನಡೆದಿದೆ. ದಪ್ಪ ಟೈರಿನ ಸೈಕಲ್ಲೇರಿ ಬೆಟ್ಟ ಇಳಿಯುವ ಆಟ ನಮ್ಮಲ್ಲಿಗೂ ಬಂದಿದೆ. ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ತರುಣರು ಇದನ್ನು ಆಡಿದ್ದಾರೆ; ಗದಗಿನ ಬಳಿ 2022ರಲ್ಲಿ ರಾಷ್ಟ್ರೀಯ ಪಂದ್ಯವೇ ನಡೆಯಿತು. ವಿಜಯಪುರ, ಬಾಗಲಕೋಟೆಗಳ ಹುಡುಗರು ಸೈಕಲ್ಲಿನಲ್ಲಿ ಹೆಸರು ಮಾಡಿದವರೆಂಬುದು ನಮ್ಮ ಕಡೆಯವರಿಗೆ ಹೊಸ ಸುದ್ದಿಯಲ್ಲ. ಹಾದಿ ಹಾಳಾಯಿತೆಂದರೆ ನಡೆಯುವವರು ಸವಾರರನ್ನು ದೂರುತ್ತಾರೆ, ಸವಾರರು ನಡೆಯುವವರನ್ನು ದೂರುತ್ತಾರೆ. ಅರಣ್ಯದವರಿಗೆ ಇಬ್ಬರೂ ಬೇಡ.

ಈ ವ್ಯಾಜ್ಯವನ್ನು ತೀರ್ಮಾನಿಸುವ ಮುನ್ನ ಹಳೆಯ ಕಡತವನ್ನೊಮ್ಮೆ ಬಿಚ್ಚಿ ನೋಡುವುದು ಮೇಲು.

ಘಟ್ಟದ ಮೊದಲ ಹಾದಿಗಳು ಹೇರೆತ್ತಿನ ಹಾದಿಗಳು. ನಮ್ಮ ತಾಂಡಾಗಳಲ್ಲಿರುವ ಲಮಾಣಿಗಳ ಹಿರಿಯರು ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ದೇಶದುದ್ದಕ್ಕೂ ನಡೆದವರು. ಮೊಗಲರ ದಂಡಿಗೂ ಆಮೇಲೆ ಇಂಗ್ಲಿಷರ ದಂಡಿಗೂ ಕಾಳು ಮುಟ್ಟಿಸಿದವರು. ಬಯಲಿನಿಂದ ಧಾನ್ಯ, ಹತ್ತಿ ಇಳಿಯುತ್ತಿದ್ದವು. ಕಡಲಿನಿಂದ ಉಪ್ಪು ಏರುತ್ತಿತ್ತು. ಧಾರವಾಡದ ಬಯಲಿನಲ್ಲಿ ಬೆಳೆದ ಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರು ಬಿದ್ದದ್ದು ಅದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ. ಬೆಳೆದವನ ಊರಿನ ಹೆಸರು ಹೋಗಿ ಸಾಗಿಸಿದ ಊರಿನ ಹೆಸರು ಉಳಿಯಿತು! ವ್ಯಾಪಾರದ ನ್ಯಾಯ ಅಂದಿಗೂ ಇಂದಿಗೂ ಒಂದೇ.

ಹೇರೆತ್ತಿಗೆ ಅಗಲವಾದ ದಾರಿ ಬೇಡ, ಕಡಿದಾದ ಏರಿಗೂ ಅದು ಅಂಜದು. ಆದುದರಿಂದ ಹಾದಿಗಳು ಸುತ್ತಿನ ಗೋಜಿಗೆ ಹೋಗದೆ ಆದಷ್ಟು ನೆಟ್ಟಗೆ ಇಳಿದವು. ನೀರಿಗೂ ಬೇಕಾದ ದಾರಿ ಅದೇ. ಗೊರಸು ಮಣ್ಣನ್ನು ಸಡಿಲಿಸಿಟ್ಟರೆ ಮಳೆ ಅದನ್ನು ಗುಡಿಸಿಕೊಂಡು ಹೋಗುತ್ತಿತ್ತು. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಮ್ಮ ಕಲಬುರಗಿಯದು ಅದರ ಹತ್ತನೆಯ ಒಂದು ಪಾಲಿನಷ್ಟು. ನಮ್ಮ ಎರಡು ಮಳೆಗೇ ಹಾದಿ ಕೊರಕಲಾದರೆ ಅಲ್ಲಿಯ ಪಾಡೇನು? ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆಂದು ಹಳೆಯದೊಂದು ಲೆಕ್ಕವಿದೆ.

ಇದು ಬದಲಾದದ್ದು ಬಂಡಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಲಂಕಾಷೈರಿನ ಗಿರಣಿಗಳಿಗೆ ಹತ್ತಿಯಿಲ್ಲದಾದಾಗ ಇಂಗ್ಲಿಷರ ಕಣ್ಣು ಧಾರವಾಡದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಮ್ಯಾಂಚೆಸ್ಟರಿನ ಹತ್ತಿ ಕಂಪನಿಯೊಂದು ಕಾರವಾರದ ಕಡೆಗೆ ಬಂದಿಳಿಯಿತು. ಕೈಗಾ, ಅರಬೈಲು ಘಟ್ಟಗಳಲ್ಲಿ ಬಂಡಿರಸ್ತೆಯ ಮಾತು ಮುಂದೆ ಬಂದದ್ದು ಈ ಹತ್ತಿಯ ಹಸಿವಿನಿಂದ. ಹತ್ತಿ ತುಂಬಿದ ಬಂಡಿ ಹೇರೆತ್ತಿನಂತಲ್ಲ. ಇಪ್ಪತ್ತಡಿಗೆ ಒಂದಡಿ ಏರಿದರೆ ಅದಕ್ಕೆ ಸಾಕೋ ಸಾಕು. ಹೀಗಾಗಿ ದಾರಿ ಗುಡ್ಡದ ಪಕ್ಕೆಯನ್ನು ಬಳಸಿಕೊಂಡು ಹೋಗಬೇಕಾಯಿತು. ತಿರುವುಗಳು ಬಂದವು, ಒಳಬದಿಗೆ ಚರಂಡಿ ಬಂತು, ಚರಂಡಿಯ ನೀರು ದಾಟಲು ಮೋರಿ ಬಂತು. ಗಾಲಿಯನ್ನು ಗುಡ್ಡದ ಶತ್ರುವೆಂದು ಬಗೆಯುವವರು ಇದನ್ನು ನೆನೆಯಬೇಕು. ದಾರಿಗೆ ಓರೆಯಾಗಿ ನಡೆಯುವುದನ್ನು ಕಲಿಸಿದ್ದು ಗಾಲಿಯೇ.

ಇನ್ನು ನೆಟ್ಟಗೆ ಏರಲೇಬೇಕಾದಲ್ಲಿ ನಮ್ಮವರು ಕಲ್ಲಿಗೆ ಶರಣಾದರು. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿದವರು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು. ಅವರು ಪುಣ್ಯಕ್ಕೆಂದು ಕಟ್ಟಿಸಿದ್ದು. ಆದರೆ ಪುಣ್ಯದ ಜೊತೆಗೆ ಒಂದು ಲೌಕಿಕ ಲಾಭವೂ ಆಯಿತು. ಮೆಟ್ಟಿಲಿನ ಮೇಲೆ ಬಿದ್ದ ನೀರು ಹೆಜ್ಜೆಹೆಜ್ಜೆಗೂ ಮುಗ್ಗರಿಸಿ ವೇಗ ಕಳೆದುಕೊಳ್ಳುತ್ತದೆ. ಕಾಲಿಟ್ಟ ಜಾಗದಲ್ಲಿ ಮಣ್ಣಿಲ್ಲದುದರಿಂದ ಸವೆಯುವುದು ಕಲ್ಲು ಮಾತ್ರ. ಮೂರೂವರೆ ಶತಮಾನ ಜನ ಹತ್ತಿಳಿದರೂ ಆ ಸೋಪಾನ ನಿಂತಿದೆ. ಅದೇ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ಮೋಟಾರು ರಸ್ತೆ 2021ರ ಅಕ್ಟೋಬರದ ಮಳೆಗೆ ಕುಸಿಯಿತು. ಅದೇ ವರ್ಷ ಆಗಸ್ಟಿನಲ್ಲಿ ನಂದಿಬೆಟ್ಟದ ರಸ್ತೆಯ ಮೇಲೂ ಗುಡ್ಡ ಜರಿದು ಬಿತ್ತು. ಇವೆರಡರಲ್ಲಿಯೂ ಸೈಕಲ್ಲಿನವರ ಕೈವಾಡವಿತ್ತೆಂದು ಯಾರೂ ಹೇಳಲಾರರು.

ಸೈಕಲ್ಲಿನ ಆಟದ ಚರಿತ್ರೆ ಇದರ ಮುಂದೆ ತೀರ ಎಳೆಯದು. ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದಲ್ಲಿ 1976ರಲ್ಲಿ ಕೆಲವು ಹುಡುಗರು ಹಳೆಯ ಭಾರದ ಸೈಕಲ್ಲುಗಳನ್ನು ಹಿಡಿದು ಎರಡು ಮೈಲಿಗೆ 1,300 ಅಡಿ ಇಳಿಯುವ ಮಣ್ಣುದಾರಿಯಲ್ಲಿ ಪಂದ್ಯ ಹೂಡಿದರು. ಒಂದೊಂದು ಇಳಿತಕ್ಕೂ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತಂತೆ. ಮತ್ತೆ ಗ್ರೀಸು ತುಂಬಬೇಕಾಗಿ ಬಂದು ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಇಪ್ಪತ್ತು ವರ್ಷಗಳಲ್ಲಿ, ಅಂದರೆ 1996ರಲ್ಲಿ, ಈ ಆಟ ಅಟ್ಲಾಂಟಾದ ಒಲಿಂಪಿಕ್ಸನ್ನು ಸೇರಿತು. ಅಷ್ಟರೊಳಗೆ ಅಲ್ಲಿಯೂ ನಮ್ಮಲ್ಲಿಯ ಜಗಳವೇ ಎದ್ದಿತ್ತು. ಮೊಂಟಾನಾದಲ್ಲಿ ವಿಲ್ಸನ್, ಸೆನೀ ಎಂಬಿಬ್ಬರು ಬೆಟ್ಟದ ಹಾದಿಗಳ ಮೇಲೆ ಕುದುರೆ, ಮನುಷ್ಯ, ಮೋಟಾರು ಸೈಕಲ್ಲು, ಸೈಕಲ್ಲು ಎಲ್ಲವನ್ನೂ ಓಡಾಡಿಸಿ, ಕೃತಕ ಮಳೆ ಸುರಿಸಿ, ಕೊಚ್ಚಿಹೋದ ಮಣ್ಣನ್ನು ಅಳೆದರು. 1994ರಲ್ಲಿ ಅವರು ಪ್ರಕಟಿಸಿದ ಫಲ ಹಲವರನ್ನು ಬೆರಗುಗೊಳಿಸಿತು: ಗಾಲಿಗಿಂತ ಗೊರಸು, ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಿಸಿದ್ದವು.

ಹಾಗೆಂದು ನಾನು ಸವಾರರ ವಕೀಲನಲ್ಲ. ಕಡಿದಾದ ಇಳಿಜಾರಿನಲ್ಲಿ ಬ್ರೇಕು ಬಿಗಿದು ಜಾರಿಸಿದ ಗಾಲಿ ಮೇಲಿನಿಂದ ಕೆಳಗಿನವರೆಗೆ ಮುರಿಯದ ಒಂದೇ ಗೀರನ್ನು ಎಳೆಯುತ್ತದೆ. ಪಾದದ ಗುರುತು ಬಿಡಿಬಿಡಿ, ಗಾಲಿಯದು ಕಾಲುವೆ. ಇದನ್ನು ಬಲ್ಲ ಪಶ್ಚಿಮದ ಸವಾರರ ಸಂಘ ತಾನೇ ಒಂದು ನಿಯಮ ಮಾಡಿಕೊಂಡಿದೆ: ಹಾದಿಯ ಏರು ಗುಡ್ಡದ ಏರಿನ ಅರ್ಧವನ್ನು ಮೀರಬಾರದು; ಹಾದಿ ಹೊರಮಗ್ಗುಲಿಗೆ ತುಸು ವಾಲಿರಬೇಕು. ನಮ್ಮ ಗೌಂಡಿ ಬಚ್ಚಲಿಗೆ ವಾಟ ಕೊಡುವುದೂ ಇದೇ ಬುದ್ಧಿಯಿಂದ.

ನಮ್ಮಲ್ಲಿ ಸದ್ಯಕ್ಕೆ ಎಣಿಸುವುದು ತಲೆಗಳನ್ನು. 2024ರ ಜನವರಿ ಕೊನೆಯಲ್ಲಿ ರಜೆಗೆಂದು ಕುಮಾರಪರ್ವತಕ್ಕೆ ಸಾವಿರಾರು ಜನ ನುಗ್ಗಿದಾಗ ಚಾರಣವನ್ನು ನಿಲ್ಲಿಸಿದರು. ಮುಂದೆ ಮೊದಲೇ ಹೆಸರು ಬರೆಸಿಕೊಂಡವರಿಗೆ ಮಾತ್ರ, ಅದೂ ಮಿತಿಯೊಳಗೆ, ಅನುಮತಿ ಎಂದಾಯಿತು. ಒಳ್ಳೆಯದೇ. ಆದರೆ 1,712 ಮೀಟರಿನ ಆ ಬೆಟ್ಟದ ಹುಲ್ಲುಗಾವಲಿನಲ್ಲಿ ಒಮ್ಮೆ ಹಾದಿ ಕೊರಕಲಾದರೆ, ಒಬ್ಬನೂ ಹೋಗದ ಮಳೆಗಾಲದಲ್ಲಿಯೂ ಅದು ಆಳವಾಗುತ್ತಲೇ ಇರುತ್ತದೆ. ಕೊರಕಲಿಗೆ ಅಂಜಿ ನಡೆಯುವವರು ಪಕ್ಕದ ಹುಲ್ಲನ್ನು ತುಳಿದು ಎರಡನೆಯ ಹಾದಿ ಮಾಡುತ್ತಾರೆ, ಆಮೇಲೆ ಮೂರನೆಯದು.

ಇದಕ್ಕೆ ಮದ್ದು ದುಬಾರಿಯದಲ್ಲ. ಇಪ್ಪತ್ತು ಮೂವತ್ತು ಹೆಜ್ಜೆಗೊಂದು ಕಡೆ ಹಾದಿಗೆ ಓರೆಯಾಗಿ ಉದ್ದಗಲ್ಲು ಹೂಳಿ ನೀರನ್ನು ಹುಲ್ಲಿಗೆ ತಿರುಗಿಸಬೇಕು. ತೀರ ಕಡಿದಾದಲ್ಲಿ ಕಲ್ಲು ಹಾಸಬೇಕು. ಆ ಉದ್ದಗಲ್ಲುಗಳ ಹಿಂದೆ ತುಂಬಿದ ಹೂಳನ್ನು ವರ್ಷಕ್ಕೊಮ್ಮೆ, ಜೂನ್ ಮಳೆ ಹಿಡಿಯುವ ಮುನ್ನ, ಸಲಿಕೆಯಿಂದ ತೆಗೆಯಬೇಕು. ನಮ್ಮ ಹೊಲದ ಒಡ್ಡನ್ನು ನಾವು ನೋಡಿಕೊಳ್ಳುವುದೂ ಅದೇ ವೇಳೆಗೆ. ಒಡ್ಡಿಗೆ ಒಬ್ಬ ಒಡೆಯನಿದ್ದಾನೆ, ಅವನು ಮೇ ತಿಂಗಳಲ್ಲೇ ಸಲಿಕೆ ಹಿಡಿಯುತ್ತಾನೆ. ಬೆಟ್ಟದ ಹಾದಿಗೆ ಆ ಸಲಿಕೆ ಯಾರ ಕೈಯಲ್ಲಿರಬೇಕೆಂಬುದು ಯಾವ ಚೀಟಿಯಲ್ಲಿಯೂ ಬರೆದಿಲ್ಲ.