ಮಸಿಯ ಜೊತೆ ಜಗಳ: ನ್ಯಾನೋ ಕೊಳವೆಯ ಕತೆ

ಮಸಿಯ ವಿಷಯದಲ್ಲಿ ನಮ್ಮ ರಾಯಚೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ :) ದೇವದುರ್ಗ, ಮಾನ್ವಿ ಕಡೆ ಹತ್ತಿಕಟ್ಟಿಗೆ ಉರಿಸಿದ ಒಲೆಯ ಪಾತ್ರೆ ತಿಕ್ಕಿದವರನ್ನು ಕೇಳಿ. ಶಕ್ತಿನಗರದಲ್ಲಂತೂ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಇದೇ ಇಂಗಾಲದಿಂದ ಕೂದಲಿಗಿಂತ ಸಾವಿರಾರು ಪಟ್ಟು ಸಪೂರ ಕೊಳವೆ ಮಾಡುತ್ತಾರಲ್ಲ, ಅದರ ಚರಿತ್ರೆ ಬಹುಪಾಲು ಮಸಿಯ ಜೊತೆಗಿನ ಜಗಳವೇ. ಆ ಜಗಳದಲ್ಲಿ ಬೆಂಗಳೂರಿನದೂ ಒಂದು ಪಾತ್ರ ಇದೆ.

1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಈ ಕೊಳವೆಗಳನ್ನು ಜಗತ್ತಿಗೆ ತೋರಿಸಿದರು. (1952ರಲ್ಲೇ ಇಬ್ಬರು ಸೋವಿಯತ್ ವಿಜ್ಞಾನಿಗಳು ಇಂಥದ್ದರ ಚಿತ್ರ ಅಚ್ಚು ಹಾಕಿಸಿದ್ದರು, ರಷ್ಯನ್ ಭಾಷೆಯಲ್ಲಿ. ಯಾರು ಓದಬೇಕು?) ಮರುವರ್ಷ ಎಬ್ಬೆಸನ್ ಮತ್ತು ಅಜಯನ್ ಹೀಲಿಯಂ ಒತ್ತಡ ಸರಿಹೊಂದಿಸಿ ಗ್ರಾಂ ಲೆಕ್ಕದಲ್ಲಿ ತಯಾರಿಸಿದರು. ಆದರೂ ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾರಿಸುವ ಈ ವಿಧಾನಕ್ಕೆ ಸಾವಿರಾರು ಡಿಗ್ರಿ ಕಾವು ಬೇಕು, ಕೊಳವೆಯ ಜೊತೆ ಬೇಡದ ಇಂಗಾಲವೂ ಬರುತ್ತದೆ.

1997ರಲ್ಲಿ ಬೆಂಗಳೂರಿನಲ್ಲಿ ರಾಹುಲ್ ಸೇನ್, ಎ. ಗೋವಿಂದರಾಜ್ ಮತ್ತು ಸಿ.ಎನ್.ಆರ್. ರಾವ್ ಹಿಡಿದ ದಾರಿ ನನಗೆ ತುಂಬಾ ಇಷ್ಟ. ಅವರು ತೆಗೆದುಕೊಂಡದ್ದು ಫೆರೋಸೀನ್. ಅದರ ಒಂದು ಅಣುವಿನಲ್ಲಿ ಹತ್ತು ಇಂಗಾಲ, ಒಂದು ಕಬ್ಬಿಣ. ಮೊದಲ ಕುಲುಮೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಆವಿಯಾಗುತ್ತದೆ. ಅನಿಲದ ಜೊತೆ ತೇಲಿ, ಸುಮಾರು 900 ಡಿಗ್ರಿಯ ಎರಡನೇ ಕುಲುಮೆಗೆ ಹೋಗಿ ಒಡೆಯುತ್ತದೆ. ಕಬ್ಬಿಣ ಸಣ್ಣ ಕಣಗಳಾಗುತ್ತದೆ, ಆ ಕಣಗಳ ಮೇಲೆ ಇಂಗಾಲ ಕೊಳವೆಯಾಗಿ ಬೆಳೆಯುತ್ತದೆ. ಅಂದರೆ ಬೀಜ, ಗೊಬ್ಬರ ಎರಡೂ ಒಂದೇ ಚೀಲದಲ್ಲಿ! ಬೆಂಜೀನ್‌ನಂಥ ಹೈಡ್ರೋಕಾರ್ಬನ್ ಸೇರಿಸಿದರೆ ಇಳುವರಿ ಇನ್ನೂ ಹೆಚ್ಚು. 1998ರ ಹೊತ್ತಿಗೆ ಒಂದೇ ದಿಕ್ಕಿಗೆ ನಿಂತ ಕೊಳವೆಗಳ ಕಟ್ಟುಗಳೇ ಬಂದವು.

ಜಗಳ ಮುಗಿಯಿತೇ? ಇಲ್ಲ. ಕಬ್ಬಿಣದ ಚೂರು ಕೊಳವೆಯಲ್ಲೇ ಉಳಿಯುತ್ತದೆ. ತೆಗೆಯಲು ಆಮ್ಲದಲ್ಲಿ ತೊಳೆದರೆ ಕೊಳವೆಯೂ ಕೆಡಬಹುದು. ಇನ್ನೊಂದು ತೊಂದರೆ, ಮಸಿ ಮುಚ್ಚಿಕೊಂಡ ಲೋಹದ ಕಣ ಕೆಲಸ ನಿಲ್ಲಿಸುತ್ತದೆ. 2004ರಲ್ಲಿ ಜಪಾನಿನ ಕೆಂಜಿ ಹಾಟಾ ತಂಡ ಅನಿಲಕ್ಕೆ ಚೂರೇ ಚೂರು ನೀರಾವಿ ಸೇರಿಸಿ ಆ ಮಸಿಯನ್ನು ತೊಡೆಯಿತು. ಹತ್ತೇ ನಿಮಿಷದಲ್ಲಿ ಕೊಳವೆಗಳು 2.5 ಮಿಲಿಮೀಟರ್ ಬೆಳೆದವು. ನೋಡಿ, ಎಷ್ಟು ಸರಳ ಉಪಾಯ...

ಅದೇ ವರ್ಷ ಕೇಂಬ್ರಿಡ್ಜ್‌ನಲ್ಲಿ ಅಲನ್ ವಿಂಡಲ್ ತಂಡ ಕುಲುಮೆಯೊಳಗಿಂದ ನೇರವಾಗಿ ನ್ಯಾನೋ ಕೊಳವೆಗಳ ನೂಲನ್ನೇ ಎಳೆಯಿತು. ಹತ್ತಿ ಬೆಳೆಯುವ ಊರಿನವರೇ ಕೇಳಿ, ಒಳಗೆ ಹಾಕಿದ್ದು ಎಥನಾಲ್, ತುಸು ಗಂಧಕದ ಸಂಯುಕ್ತ, ಮತ್ತೆ ಅದೇ ಫೆರೋಸೀನ್.