ಅಂಚೆಯ ಕಣ್ಣು ತಪ್ಪಿಸಿದ ಓಲೆಗಳು

ಉಮ್ಮತ್ತೂರಿನ ಹೆಸರನ್ನೆತ್ತಿದೊಡನೆ ಚರಿತ್ರೆಯನ್ನು ಬಲ್ಲವರಿಗೆ ನೆನಪಾಗುವುದು ಕೃಷ್ಣದೇವರಾಯನೊಡನೆ ಸೆಣಸಿದ ಗಂಗರಾಜನ ಕಥೆ. ಆ ಕಥೆಯನ್ನು ಅನೇಕರು ಹೇಳಿರುವರಾದ್ದರಿಂದ ಇಲ್ಲಿ ಮತ್ತೆ ಹೇಳಬೇಕಾದುದಿಲ್ಲ. 17ನೆಯ ಶತಮಾನದ ಆದಿಯಲ್ಲಿ, ರಾಜ ಒಡೆಯರ ಕಾಲಕ್ಕೆ, ಈ ಸೀಮೆ ಮೈಸೂರಿನ ವಶವಾಯಿತು. ದೊರೆತನ ಹೋದರೂ ಸೀಮೆಯ ಬೆಲೆ ಕುಗ್ಗಲಿಲ್ಲ. ಶ್ರೀರಂಗಪಟ್ಟಣದಿಂದ ಕೊಯಮತ್ತೂರಿನ ಕಡೆಗೆ ಇಳಿಯುವ ದಂಡಾಗಲಿ, ಅಲ್ಲಿಂದ ಗಟ್ಟವನ್ನೇರಿ ಪಟ್ಟಣಕ್ಕೆ ಬರುವ ದಂಡಾಗಲಿ, ಗಜ್ಜಲಹಟ್ಟಿಯ ಕಣಿವೆಯನ್ನು ಹಿಡಿದು ಹರದನಹಳ್ಳಿಯ ಮಗ್ಗುಲಿನ ಬಯಲನ್ನು ಹಾಯಬೇಕಾಗಿತ್ತು. ದಂಡು ನಡೆವ ಹಾದಿಯಲ್ಲಿ ಅದಕ್ಕೆ ಮುಂಚೆ ನಡೆಯುವುದು ಕಾಗದ. ಆ ಕಾಗದಗಳ ವಿಚಾರವನ್ನೇ ಈ ಲೇಖನದಲ್ಲಿ ಕೊಂಚ ವಿಸ್ತರಿಸಬೇಕೆಂದಿದ್ದೇನೆ.

ಮೈಸೂರಿನಲ್ಲಿ ಅಂಚೆಯನ್ನು ಕ್ರಮವಾದ ಒಂದು ಇಲಾಖೆಯನ್ನಾಗಿ ನಿಲ್ಲಿಸಿದವರು ಚಿಕ್ಕದೇವರಾಜ ಒಡೆಯರು. ಪಟ್ಟಕ್ಕೆ ಬರುವ ಮುಂಚೆ ಇವರು ಇದ್ದುದು ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ. ದೊಡ್ಡದೇವರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ ಇವರನ್ನು ರಾಜಧಾನಿಯಿಂದ ದೂರ ಮಾಡಿ ಅಲ್ಲಿ ಒಂದು ತೆರದ ಕಾವಲಿನಲ್ಲಿ ಇರಿಸಲಾಗಿತ್ತು. ಎಳಂದೂರಿನ ಜೈನ ಪಂಡಿತ ವಿಶಾಲಾಕ್ಷನ ಸ್ನೇಹವಾದುದು ಆ ಹಂಗಳದಲ್ಲಿಯೇ. 1673ರಲ್ಲಿ ಸಿಂಹಾಸನವೇರಿದ ಮೇಲೆ ಅವರು ಕಟ್ಟಿದ ಮಂತ್ರಿಸಭೆಯಲ್ಲಿ ಈ ವಿಶಾಲಾಕ್ಷ ಪಂಡಿತನಿದ್ದನು, ಬಾಲ್ಯದ ಗೆಳೆಯರಾದ ತಿರುಮಲಾರ್ಯರಿದ್ದರು, ತೆರಕಣಾಂಬಿಯ ಚಿಕುಪಾಧ್ಯಾಯನಿದ್ದನು. ನಮ್ಮ ಸೀಮೆಯವರೇ ತುಂಬಿದ್ದ ಸಭೆ ಅದು ಎಂದರೆ ಅತ್ಯುಕ್ತಿಯೇನೂ ಆಗದು.

ಈ ದೊರೆಯ ಅಂಚೆ ಓಲೆಗಳನ್ನು ಹೊತ್ತು ಓಡುವ ಅಂಚೆ ಮಾತ್ರವಾಗಿರಲಿಲ್ಲ. ರಾಜ್ಯದ ಆ ಆ ಠಾಣೆಗಳಲ್ಲಿದ್ದ ಅಂಚೆಯ ಅಧಿಕಾರಿಗಳು ತಮ್ಮ ಸೀಮೆಯ ಗುಟ್ಟಿನ ವರ್ತಮಾನಗಳನ್ನು ಅರಸನಿಗೆ ನೇರವಾಗಿ ಬರೆದು ತಿಳಿಸಬೇಕಾಗಿತ್ತು. ಯಾರ ಮನೆಗೆ ಯಾರು ಬಂದರು, ಪಾಳೆಯಗಾರನು ಏನು ಮಾತಾಡಿದನು, ಸಂತೆಯಲ್ಲಿ ಜನರು ಏನೆಂದು ಗೊಣಗಿದರು, ಇವೆಲ್ಲವೂ ಪಟ್ಟಣಕ್ಕೆ ಮುಟ್ಟಬೇಕು. ಕಾವಲಿನಲ್ಲಿ ಕೆಲವು ಕಾಲ ಇದ್ದವನಿಗೆ ಕಾವಲಿನ ಶಕ್ತಿ ಎಷ್ಟೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಹಂಗಳದ ವಾಸಕ್ಕೂ ಅಂಚೆಯ ಏರ್ಪಾಟಿಗೂ ಸಂಬಂಧವನ್ನು ಕಲ್ಪಿಸಿದರೆ ಅದು ನನ್ನ ಊಹೆಯೆಂದು ವಾಚಕರು ಎಣಿಸಿದರೂ ಸರಿಯೆ. ನನಗಂತೂ ಆ ಊಹೆ ದೂರವಾದುದಾಗಿ ತೋರುವುದಿಲ್ಲ.

ಸುಮಾರು ನೂರು ವರ್ಷಗಳು ಕಳೆಯುವಷ್ಟರಲ್ಲಿ ಯಂತ್ರವು ಹಾಗೆಯೇ ಉಳಿದು, ಅದನ್ನು ತಿರುಗಿಸುವ ಕೈ ಬೇರೆಯಾಯಿತು. ನವಾಬ ಹೈದರಾಲಿಯು ಅಂಚೆಯನ್ನು ಇನ್ನಷ್ಟು ಬಲಪಡಿಸಿ, ಅಂಚೆಯನ್ನೂ ಪೊಲೀಸು ಅಧಿಕಾರವನ್ನೂ ಶಾಮಯ್ಯನೆಂಬ ಬ್ರಾಹ್ಮಣನ ಕೈಗೆ ಕೊಟ್ಟನು. ಜನರ ಬಾಯಲ್ಲಿ ಆತನು ‘ಅಂಚೆ ಶಾಮಯ್ಯ’ನೇ ಆಗಿಹೋದನು. ಹಣವನ್ನು ಕಕ್ಕಿಸುವುದರಲ್ಲಿ ಆತನು ಮಾಡಿದ ಕ್ರೌರ್ಯವನ್ನು ವಿಲ್ಕ್ಸ್ ಸಾಹೇಬನು ತನ್ನ ಇತಿಹಾಸದಲ್ಲಿ ಮುಚ್ಚಿಡದೆ ಬರೆದಿದ್ದಾನೆ.

ಆ ಅಂಚೆಯ ವೇಗಕ್ಕೆ ಒಂದು ನಿದರ್ಶನವನ್ನು ಕೊಟ್ಟರೆ ಸಾಕು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡನು. ಟೀಪುವಾದರೋ ಮಲೆಯಾಳದ ಕರಾವಳಿಯಲ್ಲಿ ಯುದ್ಧ ಮಾಡುತ್ತಿದ್ದನು. ನಡುವೆ ಇಡೀ ಮೈಸೂರು ದೇಶ, ಎರಡು ಗಟ್ಟಗಳು. ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಮಂತ್ರಿಗಳು ಸಾವನ್ನು ಮರೆಮಾಡಿ, ಶವವನ್ನು ಬೊಕ್ಕಸದ ಪೆಟ್ಟಿಗೆಯಂತೆ ಕಾಣುವ ಪೆಟ್ಟಿಗೆಯಲ್ಲಿಟ್ಟು ಸಾಗಿಸಿ, ಒಡನೆಯೇ ಟೀಪುವಿಗೆ ಓಲೆಯನ್ನು ಕಳುಹಿಸಿದರು. ನಾಲ್ಕೈದು ದಿನಗಳೊಳಗೆ ಅದು ಆತನ ಕೈಸೇರಿತು. ಎದುರಿನ ಆಂಗ್ಲೇಯರಿಗೆ ಸುದ್ದಿ ಖಚಿತವಾಗಿ, ಅವರು ಮಿಸುಕುವ ವೇಳೆಗೆ ಟೀಪು ತಂದೆಯ ದಂಡನ್ನು ಕೂಡಿಕೊಂಡಿದ್ದನು. ಒಂದು ರಾಜ್ಯವು ಒಂದು ಕಾಗದದ ಓಟದಿಂದ ಉಳಿಯಿತೆಂದು ಹೇಳಬಹುದಾದ ಸಂದರ್ಭ ಇದು.

ಇಂತಹ ಬಲೆಯ ನಟ್ಟನಡುವೆ, ಶ್ರೀರಂಗಪಟ್ಟಣದ ಅರಮನೆಯಲ್ಲಿ, ಒಬ್ಬ ವಿಧವೆ ಕುಳಿತು ಬರೆಯುತ್ತಿದ್ದಳು. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿಯವರಿಗೆ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಸಿಂಹಾಸನದ ಮೇಲೆ ಯಾರನ್ನು ಕುಳ್ಳಿರಿಸಬೇಕೆಂಬುದನ್ನೂ ನಿಶ್ಚಯಿಸುತ್ತಿದ್ದವನು ಹೈದರ್. 1776ರಲ್ಲಿ ಆತನು ಆರಿಸಿದ ಬಾಲಕನು ಅರಿಕುಠಾರದ ಮನೆತನದವನು. ಆ ಅರಿಕುಠಾರವೇ ಇಂದಿನ ಚಾಮರಾಜನಗರ. ರಾಣಿಯವರಿಗೆ ಉಳಿದಿದ್ದ ಆಯುಧವೆಂದರೆ ಗುಟ್ಟಿನ ಪತ್ರವೊಂದೇ. ಆ ಪತ್ರಗಳು ಅವರ ಮನೆತನದ ಹಿರಿಯರೇ ಹೂಡಿದ ಅಂಚೆಯ ಕಣ್ಣನ್ನು ತಪ್ಪಿಸಿಯೇ ಹೊರಗೆ ಹೋಗಬೇಕಾಗಿತ್ತು!

ಪತ್ರಗಳನ್ನು ಹೊತ್ತು ಮದರಾಸು, ತಂಜಾವೂರುಗಳಲ್ಲಿ ಅಲೆದವರು ಪ್ರಧಾನ ತಿರುಮಲರಾಯನೂ ಆತನ ಸೋದರ ನಾರಾಯಣರಾಯನೂ. ಇವರದು ಚಿಕ್ಕದೇವರಾಜರ ಮಂತ್ರಿ ತಿರುಮಲಾರ್ಯರ ವಂಶವೆಂದು ಅವರ ಮನೆತನದ ಚರಿತ್ರೆ ಹೇಳುತ್ತದೆ. ಅಂಚೆಯನ್ನು ಸ್ಥಾಪಿಸಿದ ಸಭೆಯಲ್ಲಿ ಕುಳಿತವರ ಪೀಳಿಗೆಯವರೇ ಅಂಚೆಗೆ ಹೆದರಿ ತಲೆಮರೆಸಿಕೊಂಡು ಓಡಾಡಬೇಕಾಯಿತು. ಕಾರ್ಯಸಿದ್ಧಿಯಾದರೆ ವಂಶಪರಂಪರೆಯ ಪ್ರಧಾನ ಪದವಿಯೂ ರಾಜ್ಯದ ಹುಟ್ಟುವಳಿಯಲ್ಲಿ ಹತ್ತರಲ್ಲೊಂದು ಪಾಲೂ ಸಲ್ಲುವುದೆಂದು ರಾಣಿಯವರು ಅವರಿಗೆ ಮಾತುಕೊಟ್ಟಿದ್ದರು.

ಈ ಓಡಾಟದ ಫಲವೇ 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಆದ ಒಪ್ಪಂದ. ಕುಂಪಣಿಯ ಪರವಾಗಿ ಅಲ್ಲಿನ ರೆಸಿಡೆಂಟನಾದ ಸಲಿವನ್ ಸಾಹೇಬನೂ, ರಾಣಿಯವರ ಪರವಾಗಿ ತಿರುಮಲರಾಯನೂ ಇದನ್ನು ಮಾಡಿಕೊಂಡರು. ಶ್ವಾರ್ಟ್ಸ್ ಪಾದ್ರಿಯು ಸಾಕ್ಷಿಯಾದನು. ಇದರ ಕಲಮುಗಳನ್ನು ನಮ್ಮ ಸೀಮೆಯವರು ಲಕ್ಷ್ಯವಿಟ್ಟು ನೋಡತಕ್ಕದ್ದು. ಕೊಯಮತ್ತೂರಿನ ಸೀಮೆ ಕೈಸೇರಿದ ಕೂಡಲೆ 3 ಲಕ್ಷ ಕಂಠೀರಾಯಿ ವರಹ. ಕುಂಪಣಿಯ ದಂಡು ಗಟ್ಟವನ್ನೇರಿ ಹರದನಹಳ್ಳಿಯ ಕೋಟೆಯನ್ನಾಗಲಿ ಆ ಭಾಗದ ಬೇರೊಂದು ಕೋಟೆಯನ್ನಾಗಲಿ ಹಿಡಿದರೆ 1 ಲಕ್ಷ. ಮೈಸೂರು ವಶವಾದರೆ 1 ಲಕ್ಷ. ಶ್ರೀರಂಗಪಟ್ಟಣ ಬಿದ್ದರೆ 5 ಲಕ್ಷ. ಒಟ್ಟು 10 ಲಕ್ಷ. ಅರಮನೆಯ ಕತ್ತಲೆಯಲ್ಲಿ ಕುಳಿತವರು ದಂಡು ಬರುವ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಎಣಿಸಿ ಬೆಲೆ ಕಟ್ಟಿದ್ದಾರೆ. ಆ ಮೆಟ್ಟಿಲುಗಳಲ್ಲಿ ಎರಡನೆಯದು ನಮ್ಮ ಹರದನಹಳ್ಳಿ. ಇಂದು ದಿವ್ಯಲಿಂಗೇಶ್ವರನ ದರ್ಶನಕ್ಕೆ ಆ ಊರಿಗೆ ಹೋಗಿಬರುವವರಲ್ಲಿ ಎಷ್ಟು ಮಂದಿಗೆ ಈ ಒಂದು ಲಕ್ಷ ವರಹದ ಸಂಗತಿ ಗೊತ್ತಿದೆಯೋ ನಾನರಿಯೆ.

ಮರು ವರ್ಷ ಮೊದಲ ಮೆಟ್ಟಿಲನ್ನು ಏರುವ ಪ್ರಯತ್ನ ನಡೆಯಿತು. ಕರ್ನಲ್ ಲ್ಯಾಂಗನು ಕರೂರು, ದಿಂಡಿಗಲ್ಲುಗಳನ್ನೂ, ಅವನ ತರುವಾಯ ಬಂದ ಕರ್ನಲ್ ಫುಲ್ಲರ್ಟನನು ಧಾರಾಪುರವನ್ನೂ ಹಿಡಿದರು. ಆಗಲೇ, 1783ರ ಜುಲೈ ತಿಂಗಳಿನಲ್ಲಿ, ಶ್ರೀರಂಗಪಟ್ಟಣದ ಒಳಗೆ ಒಂದು ಒಳಸಂಚು ಸಿದ್ಧವಾಯಿತು. ಕೋಟೆಯ ಸಿಪಾಯಿಗಳಿಗೆ ಸಂಬಳ ಬಟವಾಡೆಯಾಗುವ ದಿನ ಕೋಟೆಯನ್ನು ವಶಮಾಡಿಕೊಂಡು ಒಡೆಯರ ಮನೆತನವನ್ನು ಮರಳಿ ನಿಲ್ಲಿಸಬೇಕೆಂಬುದು ಸಂಚು. ಬಟವಾಡೆಯ ಅಧಿಕಾರದಲ್ಲಿದ್ದ ನರಸಿಂಗರಾಯನೂ, ಸುಬ್ಬರಾಜ ಅರಸೂ ಅದರಲ್ಲಿದ್ದರು. ಕೊಯಮತ್ತೂರಿನ ಕಡೆಯ ಸಿಂಗಯ್ಯನ ಮೂಲಕ ತಿರುಮಲರಾಯನಿಗೂ ಇವರಿಗೂ ಕಾಗದಗಳು ನಡೆದಿದ್ದುವು. ಇದರ ಮೂಲಪುರುಷನೆಂದು ಹೆಸರು ಬಂದುದು ಯಾರಿಗೆ? ಅಂಚೆ ಶಾಮಯ್ಯನಿಗೇ! ರಾಜ್ಯದ ಸಮಸ್ತ ಗುಟ್ಟುಗಳನ್ನೂ ಒಡೆದು ನೋಡಬೇಕಾದವನ ಮೇಲೆಯೇ ಗುಟ್ಟಿನ ಕಾಗದದ ಅಪರಾಧ ಬಂದಿತು.

ಗೊತ್ತಾದ ದಿನದ ಹಿಂದಿನ ರಾತ್ರಿಯೇ ಸಂಚು ಬಯಲಾಯಿತು. ನರಸಿಂಗರಾಯನೇ ಮೊದಲಾದವರ ತಲೆಗಳು ಹೋದುವು. ಶಾಮಯ್ಯನು ಕೊನೆಯವರೆಗೂ ತಾನು ನಿರಪರಾಧಿಯೆಂದೇ ಹೇಳಿದನು. ಆತನನ್ನೂ ಆತನ ಸೋದರ ರಂಗಯ್ಯನನ್ನೂ ಕಬ್ಬಿಣದ ಪಂಜರಗಳಲ್ಲಿ ಹಾಕಿದರು. ಆತನು ಪರರಿಗೆ ಕೊಟ್ಟ ಹಿಂಸೆಯನ್ನು ನೆನೆದು ‘ತಕ್ಕುದಾಯಿತು’ ಎನ್ನುವವರು ಅನ್ನಲಿ. ಆದರೆ ಸಂಚಿನಲ್ಲಿ ಆತನಿದ್ದುದು ನಿಜವಾದರೆ ಒಂದು ಮಾತನ್ನು ಒಪ್ಪಲೇಬೇಕು: ರಾಣಿಯವರ ಪತ್ರವ್ಯವಹಾರವು ಬಲೆಯನ್ನು ನುಸುಳಿ ಹೋಗುವುದಕ್ಕೆ ಬದಲಾಗಿ ಬಲೆಯ ಹಗ್ಗವನ್ನೇ ಹಿಡಿದುಕೊಂಡಿದ್ದಿತು.

ಇಲ್ಲಿ ನನಗೆ ಸಮುದ್ರದಾಚೆಯ ಇನ್ನೊಬ್ಬ ಅಂಚೆಯವನ ನೆನಪಾಗುತ್ತದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು 1753ರಿಂದ ಬ್ರಿಟಿಷ್ ದೊರೆಯ ಅಂಚೆಯನ್ನು ಆ ವಸಾಹತುಗಳಲ್ಲಿ ನಡೆಸುತ್ತಿದ್ದವನು. ಗವರ್ನರನೊಬ್ಬನ ಖಾಸಗಿ ಪತ್ರಗಳನ್ನು ಬಾಸ್ಟನ್ನಿಗೆ ಕಳುಹಿಸಿ ಬಯಲಿಗೆ ತರಿಸಿದನೆಂಬ ಕಾರಣದಿಂದ 1774ರಲ್ಲಿ ಆತನನ್ನು ಕೆಲಸದಿಂದ ತೆಗೆದರು. ಮರು ವರ್ಷದ ಜುಲೈ 26ರಂದು ಬಂಡೆದ್ದ ವಸಾಹತುಗಳ ಕಾಂಗ್ರೆಸ್ಸು ಆತನನ್ನೇ ತನ್ನ ಅಂಚೆಯ ಮುಖ್ಯಾಧಿಕಾರಿಯನ್ನಾಗಿ ನೇಮಿಸಿಕೊಂಡಿತು. ಅಲ್ಲಿ ದೊರೆಯನ್ನು ಕೆಳಗಿಳಿಸಲು, ಇಲ್ಲಿ ದೊರೆಯನ್ನು ಮೇಲಕ್ಕೇರಿಸಲು, ಎರಡು ಕಡೆಯೂ ಅಂಚೆಯವರೇ ಬೇಕಾದರು. ಫ್ರಾಂಕ್ಲಿನನು ಗೆದ್ದ ಪಕ್ಷದಲ್ಲಿದ್ದನು. ಶಾಮಯ್ಯನಿಗೆ ಪಂಜರ ದೊರೆಯಿತು.

ಇದು ಬರಿಯ ಹೋಲಿಕೆಯ ಮಾತೂ ಅಲ್ಲ. ಆ ಯುದ್ಧಕ್ಕೂ ಈ ಯುದ್ಧಕ್ಕೂ ನಿಜವಾದ ನಂಟಿತ್ತು. ಆಂಗ್ಲೇಯರನ್ನು ಹಣ್ಣುಮಾಡುತ್ತಿದ್ದ ಹೈದರನ ಹೆಸರನ್ನು ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧದ ಹಡಗಿಗೇ ಇಟ್ಟಿದ್ದರು. 1782ರ ಏಪ್ರಿಲಿನಲ್ಲಿ ಅದು ಆಂಗ್ಲೇಯರ ಹಡಗೊಂದನ್ನು ಸೆರೆಹಿಡಿದುದೂ ಉಂಟು. ಅಮೆರಿಕದ ಯುದ್ಧವನ್ನು ಮುಗಿಸುವುದಕ್ಕಾಗಿ ಫ್ರೆಂಚರೂ ಆಂಗ್ಲೇಯರೂ 1783ರ ಜನವರಿಯಲ್ಲಿ ಯೂರೋಪಿನಲ್ಲಿ ಮಾಡಿಕೊಂಡ ಪ್ರಾಥಮಿಕ ಸಂಧಿಯ ಸುದ್ದಿ ಕಡಲೂರಿಗೆ ತಲುಪಿದುದು ಜೂನ್ ಕೊನೆಗೆ. ಈ ಐದು ತಿಂಗಳ ಅಂತರದಲ್ಲಿ, ಆಗಲೇ ಮುಗಿದಿದ್ದ ಯುದ್ಧಕ್ಕಾಗಿ, ಕಡಲೂರಿನ ಕೋಟೆಯ ಹೊರಗೆ ನೂರಾರು ಜನರು ಸತ್ತರು. ಸುದ್ದಿ ಬಂದೊಡನೆ ಫ್ರೆಂಚರು ಟೀಪುವಿನ ಪಕ್ಷವನ್ನು ಬಿಟ್ಟರು. ಫುಲ್ಲರ್ಟನನಿಗೆ ಬಲ ಬಂದಿತು. ನವೆಂಬರಿನಲ್ಲಿ ಪಾಲಘಾಟೂ, ಆ ತಿಂಗಳ ಕೊನೆಗೆ ಕೊಯಮತ್ತೂರೂ ಅವನ ಕೈಸೇರಿದುವು. ಇನ್ನು ಗಜ್ಜಲಹಟ್ಟಿಯನ್ನು ಹತ್ತುವುದೊಂದೇ ಬಾಕಿ. ಅವನ ಮನಸ್ಸೂ ಶ್ರೀರಂಗಪಟ್ಟಣದ ಮೇಲೆಯೇ ಇದ್ದಿತು. ಆ ಕ್ಷಣದಲ್ಲಿ ಮತ್ತೊಂದು ಕಾಗದ ಬಂದಿತು. ಟೀಪುವಿನೊಡನೆ ಸಂಧಿಯ ಮಾತು ನಡೆಯುತ್ತಿರುವುದರಿಂದ ಯುದ್ಧವನ್ನು ನಿಲ್ಲಿಸಿ ಹಿಂದಿರುಗಬೇಕೆಂಬ ಆಜ್ಞೆ ಅದು. ದಂಡು ಗಟ್ಟದ ಬುಡದಿಂದ ತಿರುಗಿತು. ಹರದನಹಳ್ಳಿಯ ಲಕ್ಷ ವರಹ ಕಾಗದದಲ್ಲಿಯೇ ಉಳಿಯಿತು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಆದ ಸಂಧಿಯಲ್ಲಿ ರಾಣಿಯವರ ಪ್ರಸ್ತಾಪವೇ ಇಲ್ಲ.

ಮುಂದಿನ ಯುದ್ಧವನ್ನು ಬೇಗ ದಾಟಿಬಿಡೋಣ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ವಾಷಿಂಗ್‌ಟನ್ನನಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟೀಪುವಿನಿಂದ ಅರ್ಧ ರಾಜ್ಯವನ್ನು ಬರೆಯಿಸಿಕೊಂಡನು. ಅಂದೂ ಒಡೆಯರ ಮನೆತನಕ್ಕೆ ಏನೂ ದಕ್ಕಲಿಲ್ಲ. ಅರಿಕುಠಾರದಲ್ಲಿ ಹುಟ್ಟಿದ್ದ ಚಾಮರಾಜ ಒಡೆಯರು 1796ರಲ್ಲಿ ತೀರಿಹೋದರು.

1799ರ ಮೇ 4ರಂದು ಪಟ್ಟಣ ಬಿದ್ದಿತು. ಆ ಚಾಮರಾಜರ ಮಗ, ಐದು ವರ್ಷದ ಕೃಷ್ಣರಾಜನಿಗೆ ಪಟ್ಟವೆಂದು ನಿಶ್ಚಯವಾಯಿತು. ಜೂನ್ 24ರಂದು ಲಕ್ಷ್ಮಮ್ಮಣ್ಣಿಯವರೂ ದೇವಾಜಮ್ಮಣ್ಣಿಯವರೂ ಕೂಡಿ ಆಂಗ್ಲೇಯ ಕಮಿಷನರುಗಳಿಗೆ ಒಂದು ಪತ್ರವನ್ನು ಬರೆದರು. ಅದರ ಆಂಗ್ಲ ಭಾಷಾಂತರ ಅಚ್ಚಾಗಿದೆ. ತಮ್ಮ ಪ್ರಭುತ್ವ ಹೋಗಿ ನಲವತ್ತು ವರ್ಷಗಳಾದುವೆಂದೂ, ಸೂರ್ಯಚಂದ್ರರಿರುವ ತನಕ ಉಪಕಾರವನ್ನು ಮರೆಯೆವೆಂದೂ ಅದರಲ್ಲಿದೆ. ಈ ಎರಡನೆಯ ಮಾತನ್ನು ಓದುವಾಗ ನಮ್ಮ ಶಾಸನಗಳ ‘ಆಚಂದ್ರಾರ್ಕ’ವು ಆಂಗ್ಲ ವೇಷದಲ್ಲಿ ನಿಂತಂತಾಗುತ್ತದೆ. ಪೂರ್ಣಯ್ಯನನ್ನು ದಿವಾನನನ್ನಾಗಿ ನೇಮಿಸಿದುದು ತಮಗೆ ಪರಮ ಸಂತೋಷವೆಂದೂ ಬರೆದಿದ್ದಾರೆ. ಹೈದರನ ಸಾವನ್ನು ಮರೆಮಾಡಿ ಟೀಪುವಿಗೆ ಓಲೆ ಕಳುಹಿಸಿದವರಲ್ಲೊಬ್ಬನಾದ ಆ ಪೂರ್ಣಯ್ಯನೇ ಇವನು. ತಿರುಮಲರಾಯನ ಹೆಸರು ಪತ್ರದಲ್ಲಿ ಎಲ್ಲಿಯೂ ಇಲ್ಲ. ರಾಣಿಯವರನ್ನು ನಾನು ದೂರುವುದಿಲ್ಲ. ದಿವಾನನನ್ನು ಆರಿಸುವ ಅಧಿಕಾರ ಅವರ ಕೈಯಲ್ಲಿರಲಿಲ್ಲ, ಮಗುವಿನ ಪಟ್ಟಾಭಿಷೇಕಕ್ಕೆ ಇನ್ನೂ ಆರು ದಿನಗಳಿದ್ದುವು. ಆದರೂ ಇಷ್ಟು ವರ್ಷ ಪರದೇಶದಲ್ಲಿ ಆ ಮನೆತನದ ಕಾಗದಗಳನ್ನು ಹೊತ್ತವನು ಈ ಒಂದು ಕಾಗದವನ್ನು ಓದಿಸಿ ಕೇಳಿದಾಗ ಏನೆಂದುಕೊಂಡಿರಬೇಕು?

ಪ್ರಧಾನ ಪದವಿಯಾಗಲಿ ಹತ್ತರ ಪಾಲಾಗಲಿ ತಿರುಮಲರಾಯನಿಗೆ ಸಿಕ್ಕಲಿಲ್ಲ. ಜುಲೈ 8ರ ಒಪ್ಪಂದದಂತೆ ಮೈಸೂರು ಕುಂಪಣಿಗೆ ವರ್ಷವರ್ಷವೂ 7 ಲಕ್ಷ ವರಹಗಳನ್ನು ಕೊಡುವುದೆಂದಾಯಿತು. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ಕಾಲವಾದರು. ಕೃಷ್ಣರಾಜ ಒಡೆಯರು ದೊಡ್ಡವರಾದ ಮೇಲೆ ತಂದೆ ಹುಟ್ಟಿದ ಅರಿಕುಠಾರಕ್ಕೆ ಅವರ ಹೆಸರನ್ನಿಟ್ಟು, ಅಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಚಿಕ್ಕದೇವರಾಜರ ಅಂಚೆಯಾದರೋ ಅವರೆಲ್ಲರಿಗಿಂತಲೂ ಹೆಚ್ಚು ಕಾಲ ಬಾಳಿ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲಿನೊಡನೆ ಸೇರಿಹೋಯಿತು.