ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಶಿಕ್ಷಣ: ಭಾರತದಲ್ಲಿ ಬೆಳೆದ ಬಗೆ

ಯಂತ್ರಗಳ ವಿನ್ಯಾಸ, ತಯಾರಿಕೆ, ಚಾಲನೆಗಳಿಗೆ ಬೇಕಾದ ವಿಜ್ಞಾನವನ್ನೂ ಕೈಗೆಲಸವನ್ನೂ ಒಟ್ಟಿಗೆ ಕಲಿಸುವ ವಿಶ್ವವಿದ್ಯಾಲಯ ವ್ಯಾಸಂಗವಿದು. ಇಂದು ನಾಲ್ಕು ವರ್ಷಗಳ ಈ ಕೋರ್ಸಿಗೆ ಕರ್ನಾಟಕದಲ್ಲಿ ಬಿ.ಇ. ಎಂಬ ಹೆಸರು ರೂಢಿಯಲ್ಲಿದ್ದರೆ ಐಐಟಿಗಳಲ್ಲಿ ಬಿ.ಟೆಕ್. ಎನ್ನುತ್ತಾರೆ. ಉಷ್ಣಗತಿಶಾಸ್ತ್ರ, ದ್ರವಬಲಶಾಸ್ತ್ರ, ಪದಾರ್ಥಬಲ, ಯಂತ್ರಸಿದ್ಧಾಂತ, ಯಂತ್ರವಿನ್ಯಾಸ, ಮಷಿನ್ ಡ್ರಾಯಿಂಗ್, ವರ್ಕ್‌ಶಾಪ್ ಇವು ಅದರ ಮುಖ್ಯ ಅಂಗಗಳು. ವಿಜ್ಞಾನ ಬೆಳೆದಂತೆ ಈ ಪದವಿಯೂ ತಾನಾಗಿ ಬೆಳೆಯಿತು ಎಂದು ಹೇಳುವುದು ವಾಡಿಕೆ. ಭಾರತದ ಇತಿಹಾಸ ಅಷ್ಟು ಸರಳವಾಗಿಲ್ಲ. ಇಲ್ಲಿ ಯಂತ್ರಗಳು ಬಂದ ಎಷ್ಟೋ ವರ್ಷಗಳ ನಂತರ, ಪದವೀಧರನಿಗೇ ಕೆಲಸ ಕೊಡುತ್ತೇನೆನ್ನುವ ಒಬ್ಬ ಯಜಮಾನ ಸಿಕ್ಕಾಗ ಮಾತ್ರ ಈ ಪದವಿ ನೆಲೆಯೂರಿತು. ಆ ಯಜಮಾನ ಬದಲಾದಾಗಲೆಲ್ಲ ಪದವಿಯ ದಿಕ್ಕೂ ಬದಲಾಯಿತು.

ಯಂತ್ರಯುಗದ ತವರಾದ ಬ್ರಿಟನ್ನಿನಲ್ಲೇ ಎಂಜಿನಿಯರು ತಯಾರಾಗುತ್ತಿದ್ದುದು ಕಾರ್ಖಾನೆಯಲ್ಲಿ, ಹಿರಿಯ ಕಸುಬುದಾರನ ಕೈಕೆಳಗೆ. 1847ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಮೆಕ್ಯಾನಿಕಲ್ ಎಂಜಿನಿಯರ್ಸ್‌ನ ಮೊದಲ ಅಧ್ಯಕ್ಷ ಜಾರ್ಜ್ ಸ್ಟೀಫನ್‌ಸನ್ ಬಾಲ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಮೆರಿಕದಲ್ಲಿ 1870ರಲ್ಲಿ ಸ್ಥಾಪನೆಯಾದ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ರಾಬರ್ಟ್ ಥರ್ಸ್ಟನ್ ಈ ವಿಷಯಕ್ಕೆ ಕ್ರಮಬದ್ಧ ಪಠ್ಯಕ್ರಮ ರೂಪಿಸಿದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನಡಿ 1878ರಲ್ಲಿ ಎಂಜಿನಿಯರಿಂಗ್ ಪ್ರಯೋಗಾಲಯ ತೆರೆದ. ತರಗತಿಯ ಗಣಿತಕ್ಕೂ ಕಾರ್ಖಾನೆಯ ಅನುಭವಕ್ಕೂ ನಡುವೆ ಪ್ರಯೋಗಾಲಯ ಎಂಬ ಮೂರನೆಯ ತಾಣ ಸಿಕ್ಕಿದ್ದರಿಂದಲೇ ಕಾಲೇಜಿನೊಳಗೆ ಯಂತ್ರವನ್ನು ಕಲಿಸುವುದು ಸಾಧ್ಯವಾಯಿತು.

ಭಾರತದಲ್ಲಿ ಎಂಜಿನಿಯರಿಂಗ್ ಶಿಕ್ಷಣವನ್ನು ನಡೆಸಿದ್ದು ಲೋಕೋಪಯೋಗಿ ಇಲಾಖೆಯ ಅಗತ್ಯ. ರೂರ್ಕಿ (1847), ಪುಣೆ (1854), ಕಲ್ಕತ್ತ (1856) ಕಾಲೇಜುಗಳು ಕಾಲುವೆ, ರಸ್ತೆ, ಸೇತುವೆ ಕಟ್ಟುವವರನ್ನು ತಯಾರಿಸಿದವು. ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ 1872ರಿಂದ 1906ರವರೆಗೆ ನಡೆದ ಕಾಲೇಜಿನ ಮುಖ್ಯ ಕೆಲಸವೂ ಇದೇ ಇಲಾಖೆಗೆ ಆಳು ಒದಗಿಸುವುದಾಗಿತ್ತು. ಮದ್ರಾಸಿನ ಗಿಂಡಿ ಕಾಲೇಜು 1894ರಲ್ಲಿ ಮೆಕ್ಯಾನಿಕಲ್ ವಿಭಾಗ ತೆರೆದದ್ದು ಅಪವಾದ. ಹಿರಿಯ ಕಾಲೇಜಾದ ರೂರ್ಕಿಯಲ್ಲಿ ಈ ವಿಭಾಗ ಬಂದದ್ದು 1946ರಲ್ಲಿ, ಕಾಲೇಜು ಹುಟ್ಟಿ ಸುಮಾರು ಒಂದು ಶತಮಾನವಾದ ಮೇಲೆ. ಆಗ ದೇಶದಲ್ಲಿ ಯಂತ್ರಗಳೇ ಕಡಿಮೆಯಿದ್ದವು, ಆದ್ದರಿಂದ ಪದವಿಯೂ ತಡವಾಯಿತು ಎಂದು ಇದಕ್ಕೆ ಸಮಾಧಾನ ಹೇಳಬಹುದು. ಆದರೆ 1853ರಲ್ಲಿ ರೈಲು ಓಡಿತ್ತು, 1862ರಲ್ಲಿ ಜಮಾಲ್‌ಪುರದ ರೈಲ್ವೆ ಕಾರ್ಖಾನೆ ಆರಂಭವಾಗಿತ್ತು, ಮುಂಬಯಿಯ ಬಟ್ಟೆ ಗಿರಣಿಗಳು ಉಗಿಯಿಂದ ನಡೆಯುತ್ತಿದ್ದವು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಯಂತ್ರಗಳಿಗೆ ಕೊರತೆಯಿರಲಿಲ್ಲ. ರೈಲ್ವೆ ಕಂಪನಿಗಳಿಗೆ ಮೇಲಧಿಕಾರಿಗಳು ಬ್ರಿಟನ್ನಿನಿಂದ ಬರುತ್ತಿದ್ದರು, ಕೆಳಗಿನವರು ಅಪ್ರೆಂಟಿಸುಗಳಾಗಿ ಇಲ್ಲಿನ ಕಾರ್ಖಾನೆಗಳಲ್ಲೇ ಪಳಗುತ್ತಿದ್ದರು. ನಡುವೆ ಭಾರತೀಯ ಪದವೀಧರನಿಗೆ ಕುರ್ಚಿಯೇ ಇರಲಿಲ್ಲ. 1916–18ರ ಭಾರತೀಯ ಕೈಗಾರಿಕಾ ಆಯೋಗ ಕೂಡ ಮೆಕ್ಯಾನಿಕಲ್ ತರಬೇತಿಯ ಕೇಂದ್ರ ಕಾರ್ಖಾನೆಯೇ ಎಂಬ ನಿಲುವಿಗೆ ವಾಲಿತು. ಆಯೋಗದ ವರದಿಗೆ ಭಿನ್ನಮತದ ಟಿಪ್ಪಣಿ ಬರೆದ ಸದಸ್ಯ ಮದನಮೋಹನ ಮಾಳವೀಯರು 1919ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿ, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಶಾಖೆಗಳಿಗೇ ಮೊದಲ ಮಣೆ ಹಾಕಿದರು.

ಮೈಸೂರು ಸಂಸ್ಥಾನದ ಕಥೆ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಉತ್ಪಾದನೆ: ಇವೆಲ್ಲ ಒಂದೇ ಯೋಜನೆಯ ಅಂಗಗಳು, ಯೋಜಿಸಿದವರು ದಿವಾನ್ ಎಂ. ವಿಶ್ವೇಶ್ವರಯ್ಯ. ಇಂದು ಯುವಿಸಿಇ ಎನಿಸಿಕೊಂಡಿರುವ ಆ ಕಾಲೇಜು ಮೊದಲಿನಿಂದಲೇ ಸಿವಿಲ್ ಜೊತೆಗೆ ಮೆಕ್ಯಾನಿಕಲ್ ಶಾಖೆಯನ್ನೂ ಇಟ್ಟುಕೊಂಡಿತು. ಸ್ವತಃ ಸಿವಿಲ್ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಇದನ್ನು ಆರಿಸಿದ್ದಕ್ಕೆ ಕಾರಣ ಸ್ಪಷ್ಟ: ಕಾರ್ಖಾನೆ ನಡೆಸಲು ಹೊರಟ ಸರ್ಕಾರವೇ ಪದವೀಧರನ ಯಜಮಾನನೂ ಆಗಲಿತ್ತು. ಬೆಂಗಳೂರಿಗೆ 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1953ರಲ್ಲಿ ಎಚ್‌ಎಂಟಿ, 1964ರಲ್ಲಿ ಬಿಇಎಂಎಲ್ ಬಂದವು. ಇದೇ ಅವಧಿಯಲ್ಲಿ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ (1946), ಹುಬ್ಬಳ್ಳಿಯ ಬಿವಿಬಿ (1947), ಸುರತ್ಕಲ್ಲಿನ ಕೆಆರ್‌ಇಸಿ (1960) ಕಾಲೇಜುಗಳು ಹುಟ್ಟಿದವು. ಈ ಎರಡು ಪಟ್ಟಿಗಳು ಅಕ್ಕಪಕ್ಕ ಬೆಳೆದದ್ದು ಆಕಸ್ಮಿಕವಲ್ಲ. ಯುವಿಸಿಇಯ ಪ್ರಾಧ್ಯಾಪಕ ಕೆ. ಲಿಂಗಯ್ಯನವರ ಯಂತ್ರವಿನ್ಯಾಸ ದತ್ತಾಂಶ ಕೈಪಿಡಿ ರಾಜ್ಯದ ಗಡಿ ದಾಟಿ ಬಳಕೆಗೆ ಬಂದದ್ದೂ ಈ ಪರಂಪರೆಯ ಫಲವೇ.

ಹಾಗಾದರೆ ವಿಜ್ಞಾನದ ಪಾತ್ರವೇ ಇಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಗ್ಲಾಸ್ಗೋದಲ್ಲಿ 1855ರಿಂದ ಪಾಠ ಹೇಳಿದ ರ‍್ಯಾಂಕಿನ್ ಉಗಿಯಂತ್ರದ ಸಿದ್ಧಾಂತವನ್ನು ಕಟ್ಟಿಕೊಡದಿದ್ದರೆ ಕಲಿಸಲು ಸರಕೇ ಇರುತ್ತಿರಲಿಲ್ಲ. 1945ರಲ್ಲಿ ನೇಮಕವಾದ ಸರ್ಕಾರ್ ಸಮಿತಿ ಅಮೆರಿಕದ ಎಂಐಟಿಯನ್ನು ಮಾದರಿಯಾಗಿಟ್ಟುಕೊಂಡು ಮಾಡಿದ ಶಿಫಾರಸಿನಂತೆ 1951ರಲ್ಲಿ ಖರಗ್‌ಪುರದಲ್ಲಿ ಮೊದಲ ಐಐಟಿ ಆರಂಭವಾದಾಗ ಪಠ್ಯದಲ್ಲಿ ಮೂಲವಿಜ್ಞಾನದ ತೂಕ ಹೆಚ್ಚಿತು ನಿಜ. ಏನನ್ನು ಕಲಿಸಬಹುದು ಎಂಬುದನ್ನು ವಿಜ್ಞಾನ ನಿರ್ಧರಿಸಿತು. ಎಷ್ಟು ಜನ, ಎಲ್ಲಿ, ಯಾವಾಗ ಕಲಿಯುತ್ತಾರೆ ಎಂಬುದನ್ನು ಅದು ನಿರ್ಧರಿಸಲಿಲ್ಲ. ರ‍್ಯಾಂಕಿನ್‌ನ ಪಾಠಕ್ಕೂ ರೂರ್ಕಿಯ ವಿಭಾಗಕ್ಕೂ ನಡುವಿನ 91 ವರ್ಷಗಳೇ ಇದಕ್ಕೆ ಸಾಕ್ಷಿ.

ಇನ್ನೊಂದು ಆಕ್ಷೇಪ ಇತ್ತೀಚಿನ ಕಾಲದ್ದು. 1980ರ ದಶಕದಿಂದ ಖಾಸಗಿ ಕಾಲೇಜುಗಳು ಹೆಚ್ಚಿದವು. ವಂತಿಗೆಯ ಹಾವಳಿ ತಡೆಯಲು ಕರ್ನಾಟಕ 1984ರಲ್ಲಿ ಕಾಯ್ದೆಯನ್ನೇ ತಂದಿತು. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ರಾಜ್ಯದ ಬಹುಪಾಲು ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ತಂದಿತು. ಮೆಕ್ಯಾನಿಕಲ್ ಪದವೀಧರರನ್ನು ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿನಿಂದಲೇ ಸಾಲುಸಾಲಾಗಿ ಕರೆದೊಯ್ದವು. ಯಜಮಾನ ಬದಲಾದರೂ ಪಠ್ಯ ಹಾಗೇ ಉಳಿಯಿತಲ್ಲ ಎಂದು ಕೇಳಬಹುದು. ಉಳಿದದ್ದು ವಿಷಯಗಳ ಹೆಸರು. ಡ್ರಾಯಿಂಗ್ ಬೋರ್ಡಿನ ಜಾಗಕ್ಕೆ ಕ್ಯಾಡ್ ಬಂತು, ಫೈನೈಟ್ ಎಲಿಮೆಂಟ್ ವಿಶ್ಲೇಷಣೆ, ಮೆಕಟ್ರಾನಿಕ್ಸ್, ರೋಬಾಟಿಕ್ಸ್ ಸೇರಿದವು. ‘ಎವರ್‌ಗ್ರೀನ್ ಬ್ರಾಂಚ್’ ಎನಿಸಿಕೊಂಡಿದ್ದ ಶಾಖೆಯನ್ನು ಬಿಟ್ಟು ಸಿಇಟಿ ಕೌನ್ಸೆಲಿಂಗಿನಲ್ಲಿ ವಿದ್ಯಾರ್ಥಿಗಳು ಕಂಪ್ಯೂಟರ್ ಸೈನ್ಸ್ ಕಡೆ ವಾಲಿದ್ದು ಈ ವಾದವನ್ನು ಮುರಿಯುವುದಿಲ್ಲ, ಗಟ್ಟಿಗೊಳಿಸುತ್ತದೆ.

ಈ ಪದವಿಗೆ ಕಳೆ ಬಂದದ್ದು ಹೊಸ ಸಿಲಬಸ್ಸಿನಿಂದಲ್ಲ, ಭದ್ರಾವತಿಯಂಥ, ಎಚ್‌ಎಂಟಿಯಂಥ ಕಾರ್ಖಾನೆಗಳಿಂದ. ಅದನ್ನು ಮತ್ತೆ ಬಲಪಡಿಸಬೇಕೆನ್ನುವವರು ಪಠ್ಯಕ್ರಮ ಸಮಿತಿಗಿಂತ ಮೊದಲು ಕೈಗಾರಿಕಾ ನೀತಿಯತ್ತ ನೋಡಬೇಕು.